ಒಂದೇ ಹುಲಿ ನೋಡಿ ಬಂದೆವು

ಕನ್ನಡ ಶಾಲೆಯ ಮಕ್ಕಳನ್ನು ಮೊನ್ನೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ಗೆ ಕರೆದುಕೊಂಡು ಹೋಗಿದ್ದಕ್ಕೆ ಪೋಷಕರೊಬ್ಬರು ಖಾರವಾದ ಸಂದೇಶ ಕಳಿಸಿದ್ದಾರೆ: “ಇಡೀ ಶನಿವಾರ ಕಳೆದು ಒಂದು ಮರದ ಹುಲಿ ನೋಡಿ ಬಂದಿರಂತೆ. ಎದುರಿಗೇ ಡೈನೋಸಾರ್ ಇತ್ತಲ್ಲ?” ಇತ್ತು. ಎದುರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಬಿಟ್ಟು ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆ ಬೆಳಿಗ್ಗೆ ಪುಟಗಳು ಮುದ್ರಣಕ್ಕೆ ಹೋಗಬೇಕು, ಸಂಪಾದಕೀಯದ ಜಾಗ ಇನ್ನೂ ಖಾಲಿ ಇದೆ. ಹಾಗಾಗಿ ಉತ್ತರವನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಆ ಹುಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯಿಂದ ಹೊತ್ತು ತಂದದ್ದು. ಹೊಟ್ಟೆಯೊಳಗೆ ಆರ್ಗನ್ ವಾದ್ಯವಿದೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಅದರಡಿ ಬಿದ್ದ ಐರೋಪ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಕೇಳುತ್ತದೆ. 1808ರಿಂದ ಲೆಡನ್‌ಹಾಲ್ ಬೀದಿಯಲ್ಲಿದ್ದ ಕಂಪನಿಯ ಕಚೇರಿ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಇಟ್ಟಿದ್ದಾಗ ಬಂದಬಂದವರೆಲ್ಲ ತಿರುಗಿಸಿ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದುವವರು ರೋಸಿಹೋಗಿದ್ದರಂತೆ. ಎರಡನೆಯ ಮಹಾಯುದ್ಧದಲ್ಲಿ ಮ್ಯೂಸಿಯಂನ ಮಾಡು ಕುಸಿದು ಹುಲಿ ಒಡೆದೇ ಹೋಗಿತ್ತು, ಆಮೇಲೆ ಜೋಡಿಸಿದರು. ಇಷ್ಟನ್ನೂ ನಾನು ಉತ್ಸಾಹದಿಂದ ಹೇಳುತ್ತಿರುವಾಗ ನಮ್ಮ ಅತಿ ಚಿಕ್ಕ ವಿದ್ಯಾರ್ಥಿನಿ ನಡುವೆ ಬಾಯಿ ಹಾಕಿದಳು: “ಆಂಟಿ, ಹುಲಿ ಕತ್ತು ಹಿಡಿದರೂ ಅವನ ಟೋಪಿ ಬಿದ್ದಿಲ್ಲ!” ಹೌದಲ್ಲ! ಆ ಮೇಲೆ ಎಲ್ಲರೂ ನೆಲದ ಮೇಲೆ ಕೂತು ಟೋಪಿ, ಬೂಟು, ಹುಲಿಯ ಪಟ್ಟೆ ಎಂದು ಹಂಚಿಕೊಂಡು ಚಿತ್ರ ಬರೆಯತೊಡಗಿದರು. ಅವರನ್ನು ಎಬ್ಬಿಸಿ ಡೈನೋಸಾರ್ ಕಡೆಗೆ ಓಡಿಸಲು ನನಗೆ ಮನಸ್ಸಾಗಲಿಲ್ಲ.

ಹೀಗೆ ನೋಡುವುದನ್ನು ನನಗೆ ಕಲಿಸಿದವರು ನಮ್ಮ ಮಾವನವರು. ಹಾವೇರಿ ಕಡೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾದವರು. ಊರಿಂದ ಬಂದ ಹಿರಿಯರನ್ನು ನಾವೆಲ್ಲ ಹೇಗೆ ಸುತ್ತಿಸುತ್ತೇವೆ, ನಿಮಗೆ ಗೊತ್ತೇ ಇದೆ: ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂ, ಡಬ್ಬಿಯ ಚಪಾತಿ, ಮಧ್ಯಾಹ್ನ ನ್ಯಾಷನಲ್ ಗ್ಯಾಲರಿ, ಸಂಜೆಗೆ ಸೇತುವೆಯ ಮೇಲೊಂದು ಫೋಟೊ. ನಾನೂ ಅದೇ ಪಟ್ಟಿ ಹಿಡಿದು ಹೊರಟಿದ್ದೆ. ಟ್ರಫಾಲ್ಗರ್ ಚೌಕದ ಆ ಗ್ಯಾಲರಿಯಲ್ಲಿ ವ್ಯಾನ್ ಐಕ್‌ನ ಅರ್ನೊಲ್ಫಿನಿ ದಂಪತಿಯ ಚಿತ್ರದೆದುರು ಮಾವ ನಿಂತರು. ನಿಂತವರು ಕದಲಲಿಲ್ಲ. ಕಾಲೇಜಿನ ದಿನಗಳಿಂದ ಪುಸ್ತಕದಲ್ಲಿ ನೋಡಿದ್ದರಂತೆ, ಗೋಡೆ ತುಂಬ ಇರುತ್ತದೆ ಎಂದುಕೊಂಡಿದ್ದರಂತೆ. ಎದುರಿಗಿದ್ದದ್ದು ಮೂರಡಿ ಎತ್ತರವೂ ಇಲ್ಲದ ಓಕ್ ಹಲಗೆ. “ಹಗಲು ಹೊತ್ತಿನಲ್ಲಿ ಒಂದೇ ಒಂದು ಮೇಣದಬತ್ತಿ ಉರಿಯುತ್ತಿದೆ, ನೋಡಮ್ಮ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಕಿಟಕಿಯಲ್ಲಿ ಕಿತ್ತಳೆ.” ಇನ್ನೂ ಸ್ವಲ್ಪ ಹೊತ್ತಿಗೆ, ಮೂಲೆಯಲ್ಲಿ ಕಳಚಿಟ್ಟ ಮರದ ಚಪ್ಪಲಿ ಕಂಡು, “ಪರವಾಗಿಲ್ಲ, ಸಂಸ್ಕಾರವಂತರು” ಎಂದು ನಕ್ಕರು. ಹಿಂದಿನ ಗೋಡೆಯ ದುಂಡು ಕನ್ನಡಿಯಲ್ಲಿ ಬಾಗಿಲಲ್ಲಿ ನಿಂತ ಇನ್ನಿಬ್ಬರು ಕಾಣುತ್ತಾರೆ. ಅದರ ಮೇಲೆ, ತಾನು ಇಲ್ಲಿದ್ದೆ ಎಂದು ಕಲಾವಿದ ಬರೆದುಕೊಂಡಿದ್ದಾನೆ, 1434 ಎಂಬ ವರ್ಷದ ಸಮೇತ. ಅದನ್ನು ನೋಡಲು ಮಾವ ಎಷ್ಟು ಬಾಗಿದರೆಂದರೆ ಕಾವಲಿನವರು ಹತ್ತಿರ ಬಂದು ಮೆಲ್ಲಗೆ ಕೆಮ್ಮಿದರು. ನಾನು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದೆ. ಕೊನೆಗೆ ಹೊರಗೆ ಬಂದು ಮೆಟ್ಟಿಲ ಮೇಲೆ ಚಪಾತಿ ತಿನ್ನುತ್ತ, “ಉಳಿದವನ್ನು ಇನ್ನೊಂದು ದಿನ ನೋಡೋಣ, ದುಡ್ಡೇನೂ ಕೊಡಬೇಕಿಲ್ಲವಲ್ಲ” ಎಂದರು.

ಮಾತು ಸರಿಯಾಗಿತ್ತು. ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹಕ್ಕೆ 2001ರ ಡಿಸೆಂಬರ್‌ನಿಂದ ಇಲ್ಲಿ ಎಲ್ಲರಿಗೂ ಉಚಿತ ಪ್ರವೇಶ. ಟಿಕೆಟ್ ಕೊಂಡಿದ್ದರೆ ತಾನೇ ಎಲ್ಲವನ್ನೂ ನೋಡಿ ವಸೂಲು ಮಾಡಿಕೊಳ್ಳುವ ಚಿಂತೆ? ಯುದ್ಧಕಾಲದಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ವೇಲ್ಸ್‌ನ ಕಲ್ಲುಗಣಿಯೊಂದರಲ್ಲಿ ಬಚ್ಚಿಟ್ಟಿದ್ದಾಗ, 1942ರಿಂದ ತಿಂಗಳಿಗೊಂದು ಹಳೆಯ ಮೇರುಚಿತ್ರವನ್ನು ಲಂಡನ್ನಿಗೆ ತಂದು ತೂಗುಹಾಕುತ್ತಿದ್ದರು. ಬಾಂಬಿನ ಭಯದ ನಡುವೆಯೂ ಜನ ಆ ಒಂದೇ ಚಿತ್ರ ನೋಡಲು ಬರುತ್ತಿದ್ದರು. ನಮ್ಮ ಮಕ್ಕಳಿಗೆ ಒಂದು ಹುಲಿ ಸಾಕು ಎಂದು ನಾನು ಹೇಳಿದರೆ ಸೋಮಾರಿತನ ಎನ್ನಬೇಡಿ.

ಇನ್ನು ಪ್ರಕಟಣೆಗಳು, ಜಾಗ ಕಡಿಮೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಮಧ್ಯಾಹ್ನ ಎರಡಕ್ಕೆ, ಎಂದಿನ ಶಾಲೆಯ ಸಭಾಂಗಣದಲ್ಲಿ. ಎರಡೆಂದರೆ ಎರಡು. ಮಕ್ಕಳ ಹುಲಿಚಿತ್ರಗಳನ್ನು ಅಲ್ಲಿಯೇ ಅಂಟಿಸುತ್ತೇವೆ. ಖಾರದ ಸಂದೇಶ ಬರೆದವರು ಅಗತ್ಯವಾಗಿ ಬನ್ನಿ. ಕೋಲಾಟದ ತಾಲೀಮು ಪ್ರತಿ ಭಾನುವಾರ. ಬಿಸಿಬೇಳೆ ಬಾತ್ ಮಾಡುವವರ ಹೆಸರು ಬಂದಿದೆ, ಪಾತ್ರೆ ತೊಳೆಯುವವರ ಹೆಸರು ಬಂದಿಲ್ಲ. ಶುಕ್ರವಾರ ನ್ಯಾಷನಲ್ ಗ್ಯಾಲರಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿರುವವರು ತಿಂಗಳ ಕೊನೆಯ ಶುಕ್ರವಾರ ನಮ್ಮೊಂದಿಗೆ ಸೇರಬಹುದು. ಒಂದೇ ಚಿತ್ರ ನೋಡಿ, ಕಾಫಿ ಕುಡಿದು ಬರೋಣ.

ಕನ್ನಡದಲ್ಲಿ ಟೈಪ್ ಮಾಡಬಲ್ಲವರು ಒಬ್ಬರಾದರೂ ದಯವಿಟ್ಟು ಮುಂದೆ ಬನ್ನಿ. ಕರಡು ತಿದ್ದುವುದು, ಪುಟ ಜೋಡಿಸುವುದು, ಅಂಚೆಚೀಟಿ ಅಂಟಿಸುವುದು ಎಲ್ಲವೂ ಒಂದೇ ಅಡುಗೆಮನೆಯ ಮೇಜಿನ ಮೇಲೆ ನಡೆಯುತ್ತಿದೆ, ಮನೆಯವರು ನಿಂತುಕೊಂಡೇ ಊಟ ಮಾಡುತ್ತಿದ್ದಾರೆ. ಮತ್ತೆ, ಗಣೇಶನ ಹಬ್ಬದ ದಿನ ಯಾರೋ ಬಿಟ್ಟುಹೋದ ದೊಡ್ಡ ಸ್ಟೀಲ್ ಡಬ್ಬಿ ನಮ್ಮಲ್ಲೇ ಇದೆ. ಮುಚ್ಚಳ ಯಾರ ಮನೆಯಲ್ಲಿದೆಯೋ ಅವರು ಬಂದು ತೆಗೆದುಕೊಂಡು ಹೋಗಿ.