ಫ್ಲೈ ರಾಡ್ ಉದ್ದ ಆರಿಸೋದು ನಿಮ್ಮ ಎತ್ತರ ನೋಡಿ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಲಿ ಟ್ರೌಟ್ ಮೀನುಗಾರಿಕೆ ಬಗ್ಗೆ ಬಂದ ಬರಹ ಓದ್ದೆ, ಚೆನ್ನಾಗೇ ಇತ್ತು, ಆದ್ರೆ ಫ್ಲೈ ರಾಡ್, ಅಂದ್ರೆ ಹುಳದ ಥರ ಕಾಣೋ ಹಾಗೆ ಕಟ್ಟಿದ ಕೊಕ್ಕೆ (ಫ್ಲೈ) ಎಸೆಯೋ ಗಾಳದ ಕೋಲು, ಅದರ ಉದ್ದದ ವಿಷಯಕ್ಕೆ ಬಂದಾಗ ಎತ್ತರ ಇರೋರಿಗೆ ಉದ್ದದ್ದು, ಕುಳ್ಳಗಿರೋರಿಗೆ ಗಿಡ್ಡದ್ದು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರಲ್ಲ, ಅದಕ್ಕೇ ಈ ಪತ್ರ. ಕಾಲಿನ ಅಳತೆ ಕೊಟ್ಟು ಚಪ್ಪಲಿ ತಗೊಂಡ ಹಾಗಲ್ಲ ಇದು. ನಿಮ್ಮ ಬೆನ್ನ ಹಿಂದೆ, ತಲೆ ಮೇಲೆ ಎಷ್ಟು ಜಾಗ ಇದೆ, ಮುಂದೆ ಎಷ್ಟು ಲೈನನ್ನ (ಗಾಳದ ದಾರನ) ನೀರಿಗೆ ತಾಗದ ಹಾಗೆ ಎತ್ತಿ ಹಿಡೀಬೇಕು, ಇವೆರಡೇ ನೋಡ್ಬೇಕಾಗಿರೋದು.

ಯಾರನ್ನ ಕೇಳಿದ್ರೂ 9 ಅಡಿ, 5 ವೇಟ್ ತಗೊಳಿ ಅಂತಾರೆ (ವೇಟ್ ಅಂದ್ರೆ ಆ ರಾಡಿಗೆ ಹೊಂದೋ ಲೈನಿನ ಭಾರದ ನಂಬರು). ಅದು ತಪ್ಪೇನಲ್ಲ, ಮಧ್ಯಮ ಅಗಲದ ಹೊಳೇಲಿ ನೀರ ಮೇಲೆ ತೇಲೋ ಒಣ ಫ್ಲೈ, ಒಳಗೆ ಮುಳುಗೋ ನಿಂಫ್, ಮರಿ ಮೀನಿನ ಥರ ಕಾಣೋ ಸಣ್ಣ ಸ್ಟ್ರೀಮರ್ ಮೂರಕ್ಕೂ ಆಗತ್ತೆ, ಮೊದಲನೇ ಸಲ ತಗೊಳೋರಿಗೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಎರಡನೇ ರಾಡ್ ತಗೊಳೋ ಹೊತ್ತಿಗೆ ಯಾಕೆ 9 ಅಡಿ ಅನ್ನೋದು ಗೊತ್ತಿರ್ಬೇಕು, ಇಲ್ಲಾಂದ್ರೆ ಅದೇ ಥರದ್ದು ಇನ್ನೊಂದು ತಂದು ಮೂಲೇಲಿ ಇಡ್ತೀರಿ.

ಹರಿಯೋ ನೀರು ಎಲ್ಲಾ ಕಡೆ ಒಂದೇ ವೇಗದಲ್ಲಿ ಹೋಗಲ್ಲ. ನೀವು ನಿಂತಿರೋ ಕಡೆಗೂ ಆಚೆ ಬಂಡೆ ಹಿಂದೆ ಟ್ರೌಟ್ ನಿಂತಿರೋ ನಿಧಾನದ ನೀರಿಗೂ ಮಧ್ಯ ಒಂದು ಜೋರು ಸೆಳವು ಇರತ್ತೆ ಅಂದ್ಕೊಳಿ. ಫ್ಲೈ ಸರಿಯಾದ ಜಾಗದಲ್ಲೇ ಹೋಗಿ ಕೂತ್ಕೊಳತ್ತೆ, ಆದ್ರೆ ಲೈನು ಸೆಳವಿನ ಮೇಲೆ ಬಿದ್ದಿರತ್ತಲ್ಲ, ಅದು ನೋಡ್ತಾ ನೋಡ್ತಾ ಕಮಾನಾಗಿ ಬಾಗಿ ಕೆಳಕ್ಕೆ ಹೋಗತ್ತೆ, ಹೋಗ್ತಾ ಫ್ಲೈಯನ್ನೂ ಎಳ್ಕೊಂಡು ಹೋಗತ್ತೆ, ಫ್ಲೈ ಹಿಂದೆ ನೀರಲ್ಲಿ ಸಣ್ಣ ಗೀರು ಏಳತ್ತೆ. ನೀರಿಗೆ ಬಿದ್ದ ಹುಳ ಸಾಮಾನ್ಯವಾಗಿ ಹಾಗೆ ಅಡ್ಡಡ್ಡ ಓಡಲ್ಲ, ನೀರು ಹೋದಲ್ಲಿಗೆ ಹೋಗತ್ತೆ. ಮೀನು ಮೇಲೆ ಬರತ್ತೆ, ನೋಡತ್ತೆ, ವಾಪಸ್ ಹೋಗತ್ತೆ. ಇದನ್ನೇ ಡ್ರ್ಯಾಗ್ ಅನ್ನೋದು, ಉದ್ದದ ರಾಡಿನ ನಿಜವಾದ ಕೆಲಸ ಇದನ್ನ ತಪ್ಪಿಸೋದು. ತುದಿ ಎತ್ತಿ ಹಿಡಿದ್ರೆ ಸೆಳವಿನ ಮೇಲೆ ಬೀಳಬೇಕಾಗಿದ್ದ ಲೈನು ಗಾಳೀಲೇ ಇರತ್ತೆ, ಬಿದ್ದಿದ್ರೂ ಒಂದು ಸಲ ರಾಡ್ ತಿರುವಿ ಲೈನನ್ನ ನೀರು ಹರಿದು ಬರೋ ಕಡೆಗೆ ಹಾಕೋದು, ಅಂದ್ರೆ ಮೆಂಡ್ ಮಾಡೋದು, ಸಲೀಸು. ದೂರ ಎಸೆಯೋಕೆ ಉದ್ದ ಬೇಕು ಅಂತ ಬಹಳ ಜನ ತಿಳ್ಕೊಂಡಿದಾರೆ, ಆದ್ರೆ ಹೊಳೇಲಿ ಟ್ರೌಟ್ ಸಿಗೋದು ಹೆಚ್ಚಾಗಿ 30-40 ಅಡಿ ಒಳಗೇ, ಅಷ್ಟು ದೂರ 7 ಅಡಿ ರಾಡೂ ಆರಾಮಾಗಿ ಎಸೆಯತ್ತೆ.

ಯೂರೋ ನಿಂಫಿಂಗ್ ಮಾಡೋರು 10ರಿಂದ 11 ಅಡಿ ರಾಡ್ ಹಿಡಿಯೋದೂ ಈ ಡ್ರ್ಯಾಗ್ ತಪ್ಪಿಸೋಕೇನೇ, ಟಂಗ್‌ಸ್ಟನ್ ಮಣಿ ಹಾಕಿದ ನಿಂಫ್ ನೇರ ತಳಕ್ಕೆ ಇಳಿಸಿ ಬರೀ ಸಣ್ಣ ಟಿಪೆಟ್ (ಫ್ಲೈ ಕಟ್ಟೋ ತುದಿಯ ತೆಳು ದಾರ) ಮಾತ್ರ ನೀರೊಳಗೆ ಇರೋ ಹಾಗೆ ನೋಡ್ಕೋತಾರೆ, ವೇಟ್ ಮಾತ್ರ 2ರಿಂದ 4ರ ಒಳಗೇ ಇಟ್ಕೋತಾರೆ, ಯಾಕಂದ್ರೆ ತುದಿ ಮೆತ್ತಗಿದ್ರೆ ತೆಳು ಟಿಪೆಟ್ ಕಿತ್ಕೊಂಡು ಹೋಗಲ್ಲ. ಜಪಾನಿನ ತೆಂಕಾರ ಅನ್ನೋ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ, ರೀಲೇ ಇಲ್ಲ, 11-13 ಅಡಿ ರಾಡು, ತುದಿಗೆ ಕಟ್ಟಿದ ದಾರ ಅಷ್ಟೇ.

ಹಂಗಾದ್ರೆ ಎಲ್ರೂ ಉದ್ದದ್ದೇ ತಗೊಳೋಣ ಅಂದ್ರೆ ಮರ ಬಿಡಲ್ಲ! ಎರಡೂ ದಡದ ಕೊಂಬೆ ಮೇಲೆ ಕೂಡ್ಕೊಂಡು ಸುರಂಗ ಆಗಿರೋ ತೊರೆಗೆ 9 ಅಡಿ ರಾಡ್ ತಗೊಂಡು ಹೋದ್ರೆ ಮೀನು ಹಿಡಿಯೋದಕ್ಕಿಂತ ಕೊಂಬೆಯಿಂದ ಫ್ಲೈ ಬಿಡಿಸೋದೇ ಜಾಸ್ತಿ ಆಗತ್ತೆ. ಅಲ್ಲಿಗೆ ಆರೂವರೆಯಿಂದ ಏಳೂವರೆ ಅಡಿ, 3 ವೇಟ್ ಹೇಳಿ ಮಾಡಿಸಿದ್ದು. ಹಿಂದೆ ಜಾಗವೇ ಇಲ್ಲ ಅಂದ್ರೆ ಕೊಕ್ಕೆಯ ಬಾಗನ್ನ ಎರಡು ಬೆರಳಲ್ಲಿ ಹಿಡ್ಕೊಂಡು, ಮೊನೆ ಹೊರಗಡೆ ಇರ್ಲಿ ಮತ್ತೆ, ರಾಡನ್ನ ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ರೆ ಫ್ಲೈ ಕೊಂಬೆ ಕೆಳಗೇ ನುಗ್ಗಿ ಹೋಗತ್ತೆ, ಗಿಡ್ಡ ರಾಡಲ್ಲಿ ಇದು ಇನ್ನೂ ಸುಲಭ. ಆದ್ರೆ ಒಂದು ಮಾತು, ತೊರೆ ಚಿಕ್ಕದು ಅಂದ ಮಾತ್ರಕ್ಕೆ ರಾಡೂ ಚಿಕ್ಕದೇ ಬೇಕು ಅಂತಿಲ್ಲ, ಹುಲ್ಲುಗಾವಲಿನ ಮಧ್ಯ ಮರವೇ ಇಲ್ಲದೆ ಹರಿಯೋ ತೊರೇಲಿ ದಡದಿಂದ ಹಿಂದೆ ಸರಿದು, ಮೀನಿಗೆ ಕಾಣದ ಹಾಗೆ ಕೂತು, ಹುಲ್ಲಿನ ಮೇಲಿಂದ ಲೈನ್ ಚಾಚೋಕೆ 9 ಅಡಿನೇ ವಾಸಿ.

ಗಿಡ್ಡ ರಾಡಲ್ಲಿ ದೊಡ್ಡ ಮೀನು ಬಂದ್ರೆ ಏನ್ಮಾಡೋದು ಅಂತ ಹೆದರೋರೂ ಇದಾರೆ. ಅಮೆರಿಕದ ಹೆಸರಾಂತ ಫ್ಲೈ ಮೀನುಗಾರ ಲೀ ವುಲ್ಫ್ 6 ಅಡಿ ಬಿದಿರಿನ ರಾಡಲ್ಲಿ ಅಟ್ಲಾಂಟಿಕ್ ಸಾಲ್ಮನ್ನೇ ಹಿಡೀತಿದ್ರು. ಸನ್ನೆಕೋಲಿನ ಲೆಕ್ಕ ಹಾಕಿ ನೋಡಿ, ರಾಡ್ ಉದ್ದ ಆದಷ್ಟೂ ಮೀನಿನ ಎಳೆತ ನಿಮ್ಮ ಮಣಿಕಟ್ಟಿಗೆ ಜಾಸ್ತಿ ಭಾರ ಆಗತ್ತೆ, ಅಂದ್ರೆ ಅನುಕೂಲ ಮೀನಿಗೇ. ಬಲೆಗೆ ಹಾಕೋವಾಗ್ಲೂ ಅಷ್ಟೇ, 10 ಅಡಿ ರಾಡಿಗೆ ಉದ್ದ ಲೀಡರ್ (ಲೈನಿಗೂ ಫ್ಲೈಗೂ ಮಧ್ಯದ ತೆಳು ದಾರ) ಕಟ್ಟಿದ್ರೆ ಒಂದು ಕೈನ ಹಿಂದಕ್ಕೆ ಚಾಚಿ ಇನ್ನೊಂದು ಕೈಲಿ ಬಲೆ ಮುಂದಕ್ಕೆ ಚಾಚ್ಬೇಕು, ಮೀನು ಆಗ್ಲೂ ಒಂದು ಗೇಣು ದೂರದಲ್ಲೇ ಇರತ್ತೆ.

ಬರಹ ಬರೆದೋರ ಎತ್ತರದ ಮಾತು ಪೂರ್ತಿ ಸುಳ್ಳು ಅಂತಾನೂ ಹೇಳಲ್ಲ. ಲೆಕ್ಕಕ್ಕೆ ಬರೋದು ತಲೆ ಎತ್ತರ ಅಲ್ಲ, ನೀರಿಂದ ಕೈ ಎಷ್ಟು ಮೇಲಿದೆ ಅನ್ನೋದು. ಸೊಂಟದ ಮಟ್ಟ ನೀರಲ್ಲಿ ನಿಂತ ಆರಡಿ ಆಳಿನ ಕೈ, ದಡದ ಮೇಲೆ ನಿಂತ ಹುಡುಗನ ಕೈಗಿಂತ ಕೆಳಗೇ ಇರಬಹುದು. ಕೆರೇಲಿ ಫ್ಲೋಟ್ ಟ್ಯೂಬ್, ಅಂದ್ರೆ ಗಾಳಿ ತುಂಬಿದ ತೇಲೋ ಆಸನದ ಮೇಲೆ ಕೂತ್ರಂತೂ ಹಿಂದಕ್ಕೆ ಬೀಸಿದ ಲೈನು ನೀರಿಗೆ ಬಡಿಯತ್ತೆ, ಅಲ್ಲಿ 10 ಅಡಿ ಇದ್ರೆ ಒಳ್ಳೇದು.

ಇನ್ನೊಂದು, ಉದ್ದ ಒಂದನ್ನೇ ನೋಡಿ ತಗೋಬೇಡಿ. ಎಷ್ಟೋ ರಾಡಿನ ಹಿಡಿ ಮೇಲ್ಗಡೆ 590-4 ಅಂತ ಏನೋ ಬರೆದಿರತ್ತೆ, 5 ವೇಟ್, 9 ಅಡಿ 0 ಇಂಚು, 4 ತುಂಡು ಅಂತ ಅದರ ಅರ್ಥ. 5 ವೇಟ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗತ್ತೆ, ರಾಡ್ ಬಾಗೋದು ಆ ಭಾರಕ್ಕೆ. ಬರೀ ರಾಡನ್ನ ಅಂಗಡೀಲಿ ಅಲ್ಲಾಡಿಸಿ ನೋಡಿದ್ರೆ ಏನೂ ತಿಳಿಯಲ್ಲ, ರೀಲ್ ಹಾಕಿ, ಲೈನ್ ಪೋಣಿಸಿ, ಹೊರಗಡೆ 30 ಅಡಿ ಬೀಸಿ ನೋಡೋಕೆ ಬಿಡ್ತೀರಾ ಅಂತ ಕೇಳಿ, ಬಿಡಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.

ಇಂತಿ,
ನಿಮ್ಮ ಓದುಗ