ಕಿಡ್ನಿ ತಜ್ಞರು ಕಂಡುಕೊಂಡದ್ದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಜಗತ್ತಿನ ಶೇ. 2 ಉನ್ನತ ವಿಜ್ಞಾನಿಗಳ ಪಟ್ಟಿ ಹೊರಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಕಾಣುತ್ತದೆ. ಇಂಥ ಕಿಡ್ನಿ ತಜ್ಞರು ಪಟ್ಟಿಯಲ್ಲಿದ್ದಾರೆ, ಇಷ್ಟು ಪ್ರಬಂಧ ಬರೆದಿದ್ದಾರೆ, ಎಚ್-ಇಂಡೆಕ್ಸ್ ಇಷ್ಟು. ಪಕ್ಕದಲ್ಲಿ ಫೋಟೊ. ನಮ್ಮ ಕಡೆಯವರ ಹೆಸರು ಇದ್ದರೆ ನನಗೂ ಹೆಮ್ಮೆ. ಅವರು ಕಿಡ್ನಿಯ ಬಗ್ಗೆ ಏನು ಕಂಡುಕೊಂಡರು ಎಂದು ಹುಡುಕಿದರೆ ಮಾತ್ರ ಒಂದು ಸಾಲೂ ಸಿಗುವುದಿಲ್ಲ.

ಎಚ್-ಇಂಡೆಕ್ಸ್ ಎಂಬುದು 2005ರಲ್ಲಿ ಭೌತವಿಜ್ಞಾನಿ ಹೊರ್ಹೆ ಹಿರ್ಶ್ ಸೂಚಿಸಿದ ಲೆಕ್ಕ. ಒಬ್ಬರ 40 ಪ್ರಬಂಧಗಳನ್ನು ಬೇರೆ ಪ್ರಬಂಧಗಳಲ್ಲಿ ತಲಾ 40 ಸಲವಾದರೂ ಉಲ್ಲೇಖಿಸಿದ್ದರೆ ಅದು 40 ಆಗುತ್ತದೆ. ಸಂಶೋಧಕರ ನಡುವೆ ಅದಕ್ಕೆ ಬೆಲೆ ಇರಬಹುದು. ನಮ್ಮ ಕಾಸರಗೋಡಿನ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಶುಗರ್ ಇರುವ ಓದುಗರಿಗೆ ಅದರಿಂದ ಏನು ತಿಳಿದಂತಾಯಿತು?

ಅಮೆರಿಕದ ಕಿಡ್ನಿ ತಜ್ಞ ಬ್ಯಾರಿ ಬ್ರೆನ್ನರ್ ಅವರನ್ನೇ ನೋಡಿ. ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ರಕ್ತ ಸೋಸುವುದು ಅವೇ. ಇಲಿಗಳ ಕಿಡ್ನಿಯ ಬಹುಭಾಗ ತೆಗೆದರೆ ಉಳಿದ ನೆಫ್ರಾನ್‌ಗಳು ಏನಾಗುತ್ತವೆ ಎಂದು ಬ್ರೆನ್ನರ್ ತಂಡ ನೋಡಿತು. ಹತ್ತು ಜನ ಸುಲಿಯಬೇಕಾದ ಅಡಿಕೆಯನ್ನು ಮೂವರೇ ಸುಲಿದ ಹಾಗೆ, ಉಳಿದವು ಮೈಮೀರಿ ದುಡಿಯುತ್ತವೆ. ಅವುಗಳೊಳಗಿನ ಒತ್ತಡ ಏರುತ್ತದೆ. ಕೊನೆಗೆ ಅವೂ ಹಾಳಾಗುತ್ತವೆ. ಒಮ್ಮೆ ಬಹುಪಾಲು ಕೆಟ್ಟ ಕಿಡ್ನಿ ಮತ್ತೆ ಕೆಡುತ್ತಲೇ ಹೋಗುವುದೇಕೆ ಎಂಬುದಕ್ಕೆ 1982ರಲ್ಲಿ ಅವರು ಕೊಟ್ಟ ವಿವರಣೆ ಇದು. ಆ ಒಳಗಿನ ಒತ್ತಡವನ್ನೇ ಇಳಿಸಿದರೆ ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು.

ಮುಂದೆ ಅವರ ನೇತೃತ್ವದಲ್ಲಿ ಶುಗರ್‌ನಿಂದ ಕಿಡ್ನಿ ಕೆಟ್ಟಿದ್ದ 1,513 ಜನರ ಮೇಲೆ ಕಿಡ್ನಿಯೊಳಗಿನ ಆ ಒತ್ತಡವನ್ನೂ ಇಳಿಸುವ ಲೊಸಾರ್ಟನ್ ಎಂಬ ಬಿಪಿ ಮಾತ್ರೆಯ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಲೊಸಾರ್ಟನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಬಿಪಿಗೆ ಬೇರೆ ಮಾತ್ರೆಗಳು ಎರಡೂ ಗುಂಪಿಗೆ ಇದ್ದವು. 2001ರಲ್ಲಿ ಫಲಿತಾಂಶ ಬಂತು. ಲೊಸಾರ್ಟನ್ ತೆಗೆದುಕೊಂಡವರಲ್ಲಿ ಕಿಡ್ನಿ ಪೂರ್ತಿ ಕೈಕೊಡುವ ಅಪಾಯ ಶೇ. 28ರಷ್ಟು ಕಡಿಮೆಯಾಗಿತ್ತು.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ‘ಬಿಪಿ ಮಾತ್ರೆ ತಿಂದ್ರೆ ಕಿಡ್ನಿ ಹೋಗ್ತದೆ’ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಯಾವ ಮದುವೆ ಮನೆಯಲ್ಲೂ ಕೇಳಬಹುದು. ಹೆದರಿ ಮಾತ್ರೆ ಬಿಟ್ಟವರು ಇದ್ದಾರೆ. ಅದೇ ಜನ ಮಂಡಿ ನೋವಿಗೆ ಮೆಡಿಕಲ್ ಶಾಪ್‌ನಿಂದ ತಾವೇ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ! ಕಿಡ್ನಿಗೆ ಹೊಡೆತ ಕೊಡುವುದು ಇದು. ಲೊಸಾರ್ಟನ್ ಕೊಡುವಾಗ ಡಾಕ್ಟರು ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ), ಪೊಟ್ಯಾಸಿಯಂ ನೋಡಬೇಕು ನಿಜ. ಸುಮ್ನೆ ಹೆದರಿ ಬಿಡುವ ಮಾತ್ರೆಯಂತೂ ಅದಲ್ಲ.

ಚೆನ್ನೈಯ ಡಾ. ಎಂ. ಕೆ. ಮಣಿ ಅವರ ಕೆಲಸ ನಮಗೆ ಇನ್ನೂ ಹತ್ತಿರದ್ದು. 1991ರಲ್ಲಿ ಪದ್ಮಭೂಷಣ ಪಡೆದ ದೊಡ್ಡ ತಜ್ಞರು. ಡಯಾಲಿಸಿಸ್, ಕಸಿ ನಮ್ಮ ಬಡವರ ಕೈಗೆ ಎಟುಕುವುದಲ್ಲ, ರೋಗ ತಡೆಯುವುದೊಂದೇ ದಾರಿ ಎಂದು ಅವರು ಶ್ರೀಪೆರಂಬುದೂರು ಕಡೆಯ ಹಳ್ಳಿಗಳಿಗೆ ಹೋದರು. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಆ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಬಿಪಿ ನೋಡಿದರು, ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಿದರು. ತೊಂದರೆ ಕಂಡವರಿಗೆ ಸಿಗುವುದರಲ್ಲೇ ಅಗ್ಗದ ಮಾತ್ರೆ. ಸುಮಾರು 25,000 ಜನರ ನಡುವೆ ನಡೆದ ಈ ಕೆಲಸದ ವರದಿ 2003ರಲ್ಲಿ ಪ್ರಕಟವಾಯಿತು. ಖರ್ಚು ಒಬ್ಬರಿಗೆ ವರ್ಷಕ್ಕೆ 27 ಅಮೆರಿಕನ್ ಸೆಂಟ್. ಆಗಿನ ಲೆಕ್ಕದಲ್ಲಿ ಹದಿನೈದು ರೂಪಾಯಿಯೂ ಇಲ್ಲ.

ಒಂದು ಸಂಶೋಧನೆಯ ಪ್ರಭಾವ ಎಂದರೆ ನನ್ನ ಮಟ್ಟಿಗೆ ಇದು. ಕಾಸರಗೋಡಿನಲ್ಲೂ ಆಶಾ ಕಾರ್ಯಕರ್ತೆಯರಿದ್ದಾರೆ, ಕೇರಳದ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀ ಇದೆ. ಮಣಿಯವರ ದಾರಿಯಲ್ಲಿ ಪಂಚಾಯಿತಿಗಳು ಹೋಗಬಾರದೇಕೆ? ದೊಡ್ಡ ಚಿಕಿತ್ಸೆಗೆ ನಾವು ಇವತ್ತಿಗೂ ಜಾಸ್ತಿ ನಂಬಿರುವುದು ಮಂಗಳೂರನ್ನು. 2020ರ ಮಾರ್ಚ್‌ನಲ್ಲಿ ಕೊರೊನಾ ಹೊತ್ತಿಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ರೋಗಿಗಳ ಪಾಡು ಏನಾಯಿತೆಂದು ಎಲ್ಲರಿಗೂ ಗೊತ್ತಲ್ವಾ? ಡಯಾಲಿಸಿಸ್ ಆದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಹೋಗಲೇಬೇಕು. ಗಡಿ ತೆರೆಯುವ ತನಕ ಅದು ಕಾಯುವುದಿಲ್ಲ.

ನಮ್ಮಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ತುಂಬ ಇದ್ದಾರೆ. ಮಲಯಾಳಂ ಕರಪತ್ರ ಅವರಿಗೆ ತಲುಪುವುದಿಲ್ಲ, ನಿಮ್ಮ ಪತ್ರಿಕೆ ತಲುಪುತ್ತದೆ. ಆದ್ದರಿಂದ ಒಂದು ಕೋರಿಕೆ. ಮುಂದಿನ ಸಲ ಕಿಡ್ನಿ ತಜ್ಞರೊಬ್ಬರು ಪಟ್ಟಿಯಲ್ಲಿ ಬಂದರೆ ವರದಿಗಾರರು ಅವರಿಗೆ ಫೋನ್ ಮಾಡಲಿ. ‘ನಿಮ್ಮ ಸಂಶೋಧನೆಯಲ್ಲಿ ಏನು ಗೊತ್ತಾಯಿತು? ಅದರಿಂದ ರೋಗಿಯ ಮಾತ್ರೆಯಲ್ಲಿ, ಊಟದಲ್ಲಿ, ಪರೀಕ್ಷೆಯಲ್ಲಿ ಏನು ಬದಲಾಯಿತು?’ ಎಂದು ಕೇಳಲಿ. ಉತ್ತರವನ್ನು ಎಚ್-ಇಂಡೆಕ್ಸ್‌ಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಹಾಕಿ.

– ನಿವೃತ್ತ ವಿಜ್ಞಾನ ಅಧ್ಯಾಪಕಿ, ಪೆರ್ಲ, ಕಾಸರಗೋಡು ಜಿಲ್ಲೆ