ಮರಳು ಹೋದ ಮೇಲೆ ಇಂಗುಗುಂಡಿ ಏನು ಮಾಡೀತು?

ಮಾನ್ಯರೇ,

ತುಮಕೂರು ಜಿಲ್ಲೆಯಲ್ಲಿ ಅಂತರ್ಜಲ ಎಂದರೆ ಸಾವಿರ ಅಡಿ ಬೋರ್‌ವೆಲ್‌ನದೇ ಮಾತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ತನ್ನ ಪಾತ್ರದಲ್ಲಿ ಹಾಸಿದ ಮರಳನ್ನು ಮಾತ್ರ ಲೋಡ್ ಲೆಕ್ಕದಲ್ಲೇ ಅಳೆಯುತ್ತೇವೆ.

ನೀರಿನ ಲೆಕ್ಕದಲ್ಲಿ ಅಳೆಯೋಣ. ಒಂದು ಎಕರೆಯಲ್ಲಿ 10 ಅಡಿ ಆಳದ ಮರಳು ಪೂರ್ತಿ ನೆನೆದಿದ್ದರೆ ಗಾತ್ರದ ಶೇ 20ರಷ್ಟು ನೀರು ಬಿಟ್ಟುಕೊಡುತ್ತದೆ; ಅಂದರೆ ಸುಮಾರು 24 ಲಕ್ಷ ಲೀಟರ್, 6,000 ಲೀಟರಿನ 400 ಟ್ಯಾಂಕರ್. ಕೆಳಗಿನ ಬಿರುಕು ಬಂಡೆಯಲ್ಲಿ ಅಷ್ಟೇ ಗಾತ್ರಕ್ಕೆ ಶೇ 1 ಸಿಕ್ಕರೆ ಪುಣ್ಯ. ಜೇಡಿಮಣ್ಣು ಮರಳಿಗಿಂತ ಹೆಚ್ಚು ನೀರು ಹಿಡಿಯುತ್ತದೆ, ಆದರೆ ಬಿಡುವುದಿಲ್ಲ. ಮಧುಗಿರಿ, ಪಾವಗಡ ಕಡೆಯ ತಲಪರಿಗೆಗಳು, ಅಂದರೆ ನೆಲದ ಒರತೆ ನೀರು ತುಂಬುವ ಗುಂಡಿಗಳು, ವಿದ್ಯುತ್ತಿಲ್ಲದೆ ಗದ್ದೆಗೆ ನೀರು ಹಾಯಿಸಿದ್ದು ಇಂಥ ಮರಳಿನ ಒರತೆಯಿಂದಲೇ.

ಮರಳು ತೆಗೆದಾಗ ಹೋಗುವುದು ಆ ತೊಟ್ಟಿಯೊಂದೇ ಅಲ್ಲ. ಪಾತ್ರ ತಗ್ಗಿದಷ್ಟೂ ದಡದ ತೋಟಗಳ ಅಡಿಯ ನೀರು ಹೊಳೆಯತ್ತ ಬಸಿದು, ತೆರೆದ ಬಾವಿ ಮೊದಲು ಬತ್ತುತ್ತದೆ. ನಡುವೆ ಜೇಡಿ ಪದರವಿದ್ದು ಅದನ್ನೂ ಅಗೆದರೆ, ಅದರ ಮೇಲೆ ನಿಂತಿದ್ದ ನೀರು ಕೆಳಗಿಳಿಯುತ್ತದೆ.

ಆಮೇಲೆ ಪರಿಹಾರವೆಂದು, ಮಳೆನೀರು ಇಂಗಿಸಲು ಬೋರ್ ಸುತ್ತ ಇಂಗುಗುಂಡಿ ತೋಡುತ್ತಾರೆ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ 40 ಮಿ.ಮೀ. ಜಲ್ಲಿ, 20 ಮಿ.ಮೀ. ಜಲ್ಲಿ, ಮೇಲೆ ಒರಟು ಮರಳು, ಒಳಗೆ ತೂತು ಕೊರೆದು ಜಾಲರಿ ಸುತ್ತಿದ ಕೇಸಿಂಗ್ (ಬೋರ್‌ನ ಮೇಲ್ಭಾಗಕ್ಕೆ ಇಳಿಸಿದ ಪೈಪು). ಕ್ರಮ ಸರಿಯೇ. ಕೆಡುವುದು ಬೇರೆಡೆ. ಮುಂದೊಂದು ಹೂಳುಗುಂಡಿ ಇಲ್ಲದಿದ್ದರೆ ಮೊದಲ ಮಳೆಯ ಕೆಂಪು ನೀರು ಮೇಲಿನ ಮರಳಿನ ಸಂದುಗಳನ್ನು ಮುಚ್ಚಿಬಿಡುತ್ತದೆ. ಜಾಲರಿ ಹರಿದರೆ ಅದೇ ಮಣ್ಣು ಬಂಡೆಯ ಬಿರುಕಿಗೆ ಇಳಿದು ಕೂರುತ್ತದೆ, ಅದನ್ನು ತೊಳೆದು ತೆಗೆಯುವುದು ಬಹಳ ಕಷ್ಟ. ಮೇಲಿನ ಒಂದು ಅಡಿ ಮರಳನ್ನು ಪ್ರತಿ ಬೇಸಿಗೆಯಲ್ಲಿ ತೆಗೆದು ತೊಳೆಯಲೇಬೇಕು. ಕುಡಿಯುವ ನೀರಿನ ಬೋರ್‌ಗಂತೂ ಹೊಲದ, ಕೊಟ್ಟಿಗೆಯ ನೀರು ಬಿಡಲೇಬಾರದು. ಚೆಕ್‌ ಡ್ಯಾಂಗೂ ಇದೇ ಗತಿ: ತಳದಲ್ಲಿ ಎರಡು ಬೆರಳು ದಪ್ಪ ಜೇಡಿ ಕೂತರೆ ನೀರು ಇಂಗುವ ಬದಲು ಆವಿಯಾಗುತ್ತದೆ. ಬೇಸಿಗೆಯಲ್ಲಿ ಕೆರೆಯಬೇಕಾದದ್ದು ಆ ಪೊರೆಯನ್ನು, ಕೆಳಗಿನ ಮರಳನ್ನಲ್ಲ.

ಎಲ್ಲಿ ಯಾವ ಪದರ ಎಷ್ಟಿದೆ ಎಂದು ತಿಳಿಯಲು ದೊಡ್ಡ ಯಂತ್ರವೂ ಬೇಕಿಲ್ಲ. ಬೋರ್ ಕೊರೆಯುವಾಗ ಪ್ರತಿ 10 ಅಡಿಗೊಮ್ಮೆ ಬರುವ ಪುಡಿಯನ್ನು ಸಾಲಾಗಿ ಗುಡ್ಡೆ ಹಾಕಿ, ಮರಳೋ ಜೇಡಿಯೋ ಗರಸೋ ಬಂಡೆಯೋ, ನೀರು ಸಿಕ್ಕಿದ್ದು ಎಷ್ಟು ಅಡಿಗೆ, ಕೇಸಿಂಗ್ ಎಲ್ಲಿಗೆ ನಿಂತಿತು ಎಂದು ಬರೆದಿಟ್ಟರೆ ಸಾಕು. ಕೊರೆದ ಬಿಲ್ಲಿನ ಜೊತೆಗೇ ಈ ಒಂದು ಹಾಳೆ ಗ್ರಾಮ ಪಂಚಾಯಿತಿಗೆ ಸೇರುವಂತಾಗಲಿ.

– ಓದುಗ, ಕೊರಟಗೆರೆ